ಮಿಂಚಂಚೆಯ ಎರಡು ಪಟ್ಟಿಗಳು

ಕಡೂರು, ತರೀಕೆರೆ, ಅಜ್ಜಂಪುರಗಳ ಮೂರು ಕಾಲೇಜುಗಳಿಗೆ ಒಂದೇ ಮಿಂಚಂಚೆ ಸರ್ವರ್ ಇದೆಯೆಂದು ಭಾವಿಸೋಣ. ಅದಕ್ಕೆ ಎರಡು ಪಟ್ಟಿಗಳು ಅವಶ್ಯ.

ಮೊದಲನೆಯದು ಅಲಿಯಾಸ್, ಅಂದರೆ ಪರ್ಯಾಯನಾಮಗಳ ಪಟ್ಟಿ. ‘ಪ್ರಾಂಶುಪಾಲ’ ಎಂಬ ವಿಳಾಸಕ್ಕೆ ಬಂದ ಪತ್ರವನ್ನು ಸರ್ವರು ಆ ಹುದ್ದೆಯಲ್ಲಿರುವವರ ಪೆಟ್ಟಿಗೆಗೆ ಸೇರಿಸುತ್ತದೆ. ವ್ಯಕ್ತಿ ಬದಲಾದರೂ ವಿಳಾಸವು ಬದಲಾಗದು.

ಎರಡನೆಯದು ಡೊಮೇನುಗಳ ಪಟ್ಟಿ. ವಿಳಾಸದಲ್ಲಿ ಆ್ಯಟ್ ಚಿಹ್ನೆಯ ಮುಂದಿನ ಭಾಗವೇ ಡೊಮೇನು. ಹೊರಗಿನವರು ಕಳುಹಿಸಿದ ಪತ್ರವು ಈ ಮೂರು ಡೊಮೇನುಗಳಿಗಾದರೆ ಮಾತ್ರ ಸ್ವೀಕಾರ; ಇಲ್ಲವಾದರೆ ಬಾಗಿಲಲ್ಲಿಯೇ ನಿರಾಕರಣೆ.

ಈ ನಿರ್ಬಂಧವೇಕೆ? 1982ರಲ್ಲಿ ಜಾನ್ ಪೋಸ್ಟೆಲ್ ಎಸ್‌ಎಂಟಿಪಿ ನಿಯಮಗಳನ್ನು ಬರೆದಾಗ, ಅನ್ಯರ ಪತ್ರವನ್ನು ಮುಂದಕ್ಕೆ ಸಾಗಿಸುವುದು ಸೌಜನ್ಯವೆನಿಸಿತ್ತು. ವಂಚಕರು ಅದನ್ನೇ ದುರುಪಯೋಗಪಡಿಸಿಕೊಂಡು ಕಸದಂಚೆಯನ್ನು ಹರಿಸಿದರು. ಹಾಗೆ ತೆರೆದಿಟ್ಟ ಸರ್ವರು ಕಪ್ಪುಪಟ್ಟಿಗೆ ಸೇರುತ್ತದೆ. ಆಗ ನಿರಪರಾಧಿ ವಿದ್ಯಾರ್ಥಿಯ ಅರ್ಜಿಯೂ ತಿರಸ್ಕೃತವಾದೀತು. ಆದುದರಿಂದಲೇ 1998ರ ಸೆಂಡ್‌ಮೇಲ್ 8.9ರಲ್ಲಿ ಈ ಬಾಗಿಲನ್ನು ಮೊದಲೇ ಮುಚ್ಚಿಟ್ಟರು.