ಪ್ರಶ್ನೆ ಎಷ್ಟು ಕಷ್ಟ? ಅಳೆದು ಹೇಳಿ: 7 ಸೂತ್ರಗಳು

ಲಾಯಿಲದ ಯುವಕ ಮಂಡಲದ ಕ್ವಿಜ್ ಇರಲಿ, ಉಜಿರೆಯ ಕಾಲೇಜ್ ಫೆಸ್ಟ್ ಇರಲಿ, ಆಫೀಸಿನ ಟ್ರೈನಿಂಗ್ ಟೆಸ್ಟ್ ಇರಲಿ, ಪ್ರಶ್ನೆಗಳ ಲೆವೆಲ್ ಸರಿಯಾಗಿ ಕೂತರೆ ಮಾತ್ರ ಕ್ವಿಜ್ ಮಾಸ್ಟರ್‌ಗೆ ಹೆಸರು. ಆ ಲೆವೆಲ್ ಅಳೆಯುವುದು ‘ನನ್ನಿಂದ ಆಗುತ್ತದಾ’ ಎಂಬ ಅಳುಕು ಬರೀ ಒಂದು ಚಟ. ಇವತ್ತೇ ಬಿಡಿ.

1. ನಿಮ್ಮ ಅಂದಾಜನ್ನು ನಂಬಬೇಡಿ. ಉತ್ತರ ಗೊತ್ತಿದ್ದವನಿಗೆ ಎಲ್ಲ ಪ್ರಶ್ನೆಯೂ ಸುಲಭವೇ. ಪ್ರತಿ ಪ್ರಶ್ನೆಯ ಪಕ್ಕ ‘ಸುಲಭ, ಸಾಧಾರಣ, ಕಠಿಣ’ ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಕ್ವಿಜ್ ಮುಗಿದ ಮೇಲೆ ರಿಸಲ್ಟ್ ಜೊತೆ ಹೋಲಿಸಿ.

2. ತಲೆ ಎಣಿಸಿ. 40 ಮಂದಿಯಲ್ಲಿ 32 ಮಂದಿ ಸರಿ ಹೇಳಿದರೆ 32 ಭಾಗಿಸು 40, ಅಂದರೆ 0.80. ಇದೇ ಕಠಿಣತಾ ಸೂಚ್ಯಂಕ. ಹೆಸರು ಮಾತ್ರ ತಲೆಕೆಳಗು: ಅಂಕಿ ಹೆಚ್ಚಿದಷ್ಟೂ ಪ್ರಶ್ನೆ ಸುಲಭ! 0.80 ದಾಟಿದ್ದು ಸುಲಭ, 0.30ಕ್ಕಿಂತ ಕೆಳಗಿನದು ಕಠಿಣ ಎಂದು ಇಟ್ಟುಕೊಳ್ಳಿ. ನಾಲ್ಕು ಆಯ್ಕೆ ಕೊಟ್ಟಿದ್ದರೆ ಹುಷಾರು. ಕಣ್ಣು ಮುಚ್ಚಿ ಟಿಕ್ ಹಾಕಿದರೂ 0.25 ಬರುತ್ತದೆ.

3. ಯಾರಿಗೆ ಕೇಳುತ್ತಿದ್ದೀರಿ, ನೋಡಿ. ‘ಜಮಾಲಾಬಾದ್ ಕೋಟೆ ಯಾವ ತಾಲೂಕಿನಲ್ಲಿದೆ?’ ಆ ಕೋಟೆಯಿರುವ ಗಡಾಯಿಕಲ್ಲು ನೋಡುತ್ತಾ ಬೆಳೆದ ಬೆಳ್ತಂಗಡಿ ಹುಡುಗನಿಗೆ ಇದು ಪ್ರಶ್ನೆಯೇ ಅಲ್ಲ. ಬೀದರಿನವನು ತಲೆ ಕೆರೆದುಕೊಳ್ಳುತ್ತಾನೆ. ಮಹಮೂದ್ ಗಾವಾನನ ಮದರಸಾ ಎಲ್ಲಿದೆ ಎಂದು ಕೇಳಿ, ಆಟ ಉಲ್ಟಾ.

4. ಆಯ್ಕೆಗಳ ಮೇಲೆ ಬೆವರು ಸುರಿಸಿ. ಬಹಳ ಮಂದಿ ಸೋಲುವುದು ಇಲ್ಲೇ. ‘ವೇಣೂರಿನ ಬಾಹುಬಲಿಯನ್ನು 1604ರಲ್ಲಿ ಪ್ರತಿಷ್ಠಾಪಿಸಿದವರು ಯಾರು?’ ತಿಮ್ಮಣ್ಣ ಅಜಿಲರ ಹೆಸರಿನ ಜೊತೆ ಟಿಪ್ಪು, ಕೆಂಪೇಗೌಡ, ವಿಶ್ವೇಶ್ವರಯ್ಯ ಇಟ್ಟರೆ ಐದನೇ ಕ್ಲಾಸಿನ ಮಗುವೂ ಪಾಸ್. ಈಗ ಆ ಮೂವರನ್ನು ತೆಗೆಯಿರಿ. ಶ್ರವಣಬೆಳಗೊಳದ ಚಾವುಂಡರಾಯ, ಕಾರ್ಕಳದ ವೀರಪಾಂಡ್ಯ, ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರನ್ನು ತನ್ನಿ. ಎಲ್ಲರೂ ಬಾಹುಬಲಿಯನ್ನು ನಿಲ್ಲಿಸಿದವರೇ. ಪ್ರಶ್ನೆಯ ಒಂದಕ್ಷರವೂ ಬದಲಾಗಿಲ್ಲ, ಲೆವೆಲ್ ಎರಡು ಮೆಟ್ಟಿಲು ಏರಿತು. ಇನ್ನೊಂದು: ಯಾರೂ ಟಿಕ್ ಹಾಕದ ಆಯ್ಕೆ ದಂಡ. ಮುಂದಿನ ಸಲ ಬದಲಿಸಿ.

5. ಜಾಣರನ್ನೂ ಹಿಂದುಳಿದವರನ್ನೂ ಪಕ್ಕ ಪಕ್ಕ ಇಡಿ. ಒಟ್ಟು ಅಂಕದಲ್ಲಿ ಮೇಲಿನ ಶೇಕಡಾ 27, ಕೆಳಗಿನ ಶೇಕಡಾ 27 ಮಂದಿಯನ್ನು ತೆಗೆದುಕೊಳ್ಳಿ. 40 ಮಂದಿಯಲ್ಲಿ ತಲಾ 11. ಮೇಲಿನವರಲ್ಲಿ 9, ಕೆಳಗಿನವರಲ್ಲಿ 3 ಮಂದಿ ಸರಿ ಹೇಳಿದ್ದಾರೆಯೇ? ವ್ಯತ್ಯಾಸ 6, ಅದನ್ನು 11ರಿಂದ ಭಾಗಿಸಿದರೆ ಸುಮಾರು 0.55. ಜಾಣರನ್ನು ಬೇರ್ಪಡಿಸುವ ಗಟ್ಟಿ ಪ್ರಶ್ನೆ ಇದು. ಕೆಳಗಿನವರೇ ಹೆಚ್ಚು ಸರಿ ಹೇಳಿದ್ದರೆ ಮೊದಲು ನಿಮ್ಮ ಕೀ ಆನ್ಸರ್ ಪರೀಕ್ಷಿಸಿ. ನಾನೇ ಒಮ್ಮೆ ತಪ್ಪು ಕೀ ಹಿಡಿದು ಸ್ಟೇಜ್ ಮೇಲೆ ವಾದ ಮಾಡಿದ್ದೇನೆ. ಸಭೆಯ ಮುಂದೆ ಮುಖ ಕೆಂಪಾದದ್ದು ನನ್ನದೇ.

6. ಕಷ್ಟ ಬೇರೆ, ಸಿಲೆಬಸ್ ಆಚೆಯದ್ದು ಬೇರೆ. 2024ರ ಸಿಇಟಿಯಲ್ಲಿ ಸಿಲೆಬಸ್‌ನಲ್ಲಿಲ್ಲದ ಪ್ರಶ್ನೆಗಳು ಬಂದು ಗಲಾಟೆಯಾಯಿತು. ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಟ್ಟರು. ಓದಿದವನೂ ಓದದವನೂ ಒಟ್ಟಿಗೆ ಮುಳುಗುವ ಪ್ರಶ್ನೆ ಏನನ್ನೂ ಅಳೆಯುವುದಿಲ್ಲ.

7. ಪರೀಕ್ಷೆ ಬರೆಯುವವರೇ, ಈ ವಿದ್ಯೆ ನಿಮಗೂ ಬೇಕು. ಸಿಇಟಿಯಲ್ಲಿ ಒಂದು ಸಬ್ಜೆಕ್ಟ್‌ಗೆ 80 ನಿಮಿಷ, 60 ಪ್ರಶ್ನೆ. ಒಂದಕ್ಕೆ 80 ಸೆಕೆಂಡ್. ಹಳೇ ಪೇಪರ್ ಹಿಡಿದು ನಿಮಗೆ ಯಾವುದು ಸುಲಭ, ಯಾವುದು ಕಠಿಣ ಎಂದು ಗುರುತಿಸಲು ಕಲಿಯಿರಿ. ಮೊದಲ ರೌಂಡ್‌ನಲ್ಲಿ ಸುಲಭದ್ದನ್ನೆಲ್ಲ ಬಾಚಿಕೊಳ್ಳಿ. ಕಠಿಣದ್ದು ಕೊನೆಗೆ. ಸಿಇಟಿಯಲ್ಲಿ ನೆಗೆಟಿವ್ ಮಾರ್ಕಿಂಗ್ ಇಲ್ಲ, ಒಂದನ್ನೂ ಖಾಲಿ ಬಿಡಬೇಡಿ.

ಬರುವ ಭಾನುವಾರ 20 ಪ್ರಶ್ನೆ ಬರೆಯಿರಿ, ಪೆನ್ಸಿಲ್ ಗುರುತು ಹಾಕಿ, ಹತ್ತು ಮಂದಿ ಗೆಳೆಯರಿಗೆ ಕೊಡಿ. ಸಂಜೆಯೊಳಗೆ ನಿಮ್ಮ ಗುರುತುಗಳಲ್ಲಿ ಎಷ್ಟು ಸರಿ ಎಂದು ಗೊತ್ತಾಗುತ್ತದೆ.