ಸೂತಕದ ಮನೆಯ ಲೆಕ್ಕ: ನಮ್ಮ ಕರಾವಳಿಯ ಕುಟುಂಬಗಳಿಗೆ ಒಂಬತ್ತು ಸೂತ್ರ

ಕಾರ್ಯ ಮುಗಿದು, ಪಾತ್ರೆ ಬಾಡಿಗೆಯವರಿಗೆ ದುಡ್ಡು ಕೊಟ್ಟ ಮೇಲೆ ಹಿರಿಮಗ ಮೆಲ್ಲಗೆ ಕೇಳುತ್ತಾನೆ: "ಇಷ್ಟೆಲ್ಲ ಖರ್ಚಾಯ್ತು ಮಾರಾಯ್ರೆ, ಟ್ಯಾಕ್ಸಲ್ಲಿ ಸ್ವಲ್ಪವಾದ್ರೂ ಬಿಡ್ತಾರಾ?" ಭಟ್ಕಳದ ಕೇರಿಯಲ್ಲೂ, ಹೊನ್ನಾವರದ ಇಗರ್ಜಿ ಪಕ್ಕದ ಮನೆಯಲ್ಲೂ, ಕುಮಟಾ ಪೇಟೆಯಲ್ಲೂ ಇದೇ ಪ್ರಶ್ನೆ. ಬಿಡುವುದಿಲ್ಲ. ಆದರೆ ಆ ಖರ್ಚಿನ ಸುತ್ತಮುತ್ತ ಉಳಿಸಬಹುದಾದ ದುಡ್ಡಿದೆ, ತಪ್ಪಿಸಬಹುದಾದ ಜಗಳವೂ ಇದೆ.

1. ರಿಯಾಯಿತಿ ಹುಡುಕುತ್ತ ದಿನ ಕಳೆಯಬೇಡಿ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲೂ ಹೊಸ ಪದ್ಧತಿಯಲ್ಲೂ ಅಂತ್ಯಕ್ರಿಯೆಯ ಖರ್ಚನ್ನು ಆದಾಯದಿಂದ ಕಳೆಯಲು ಅವಕಾಶವಿಲ್ಲ. ಹಿಂದೆ ಮೃತರ ಆಸ್ತಿಯ ಮೇಲೇ ತೆರಿಗೆ ಇತ್ತು. 1953ರ ಆ ಕಾಯ್ದೆ ಅಂತ್ಯಕ್ರಿಯೆಗೆಂದು 1,000 ರೂಪಾಯಿವರೆಗೆ ಬಿಡುತ್ತಿತ್ತು. 1985ರ ಮಾರ್ಚ್ 16ರಿಂದ ಆ ತೆರಿಗೆಯೇ ಹೋಯಿತು, ಅದರ ಜೊತೆ ರಿಯಾಯಿತಿಯೂ ಹೋಯಿತು. ಅಪ್ಪನ ಕಾರ್ಯದ ಖರ್ಚನ್ನು ಅಂಗಡಿಯ ಲೆಕ್ಕಕ್ಕೆ ಸೇರಿಸುವವರಿದ್ದಾರೆ. ಅದು ವ್ಯಾಪಾರದ ಖರ್ಚಲ್ಲ, ತನಿಖೆಯಲ್ಲಿ ನಿಲ್ಲುವುದಿಲ್ಲ.

2. ಮೊದಲ ದಿನದಿಂದಲೇ ಒಂದು ನೋಟ್‌ಬುಕ್ ಇಡಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಸೂತ್ರ ಇದು. ಭಾರತೀಯ ಉತ್ತರಾಧಿಕಾರ ಕಾಯ್ದೆ, 1925ರ 320ನೇ ಕಲಂ ಪ್ರಕಾರ, ಮೃತರ ಸ್ಥಿತಿಗತಿಗೆ ತಕ್ಕ ಅಂತ್ಯಕ್ರಿಯೆಯ ಖರ್ಚು ಮತ್ತು ಕೊನೆಗಾಲದ ವೈದ್ಯಕೀಯ ಖರ್ಚನ್ನು ಬೇರೆಲ್ಲ ಸಾಲಕ್ಕಿಂತ ಮೊದಲು ಆಸ್ತಿಯಿಂದ ತೀರಿಸಬೇಕು. ಮುಸ್ಲಿಂ ಉತ್ತರಾಧಿಕಾರದಲ್ಲೂ ಕ್ರಮ ಅದೇ: ಮೊದಲು ಕಫನ್–ದಫನ್, ಆಮೇಲೆ ಸಾಲ, ಆಮೇಲೆ ಮೂರನೇ ಒಂದು ಭಾಗದೊಳಗಿನ ವಸೀಯತ್, ಉಳಿದದ್ದು ವಾರಸುದಾರರಿಗೆ. ಅಂದರೆ ಕೈಯಿಂದ ಹಾಕಿದವರು ಪಾಲಿಗೆ ಮೊದಲು ಅದನ್ನು ವಾಪಸು ಕೇಳಬಹುದು. ಕೇಳಲು ಚೀಟಿ ಬೇಕು. ಕಟ್ಟಿಗೆ, ಗಾಡಿ, ಭಟ್ಟರ ದಕ್ಷಿಣೆ, ಗೋಕರ್ಣದಲ್ಲಿ ಅಸ್ಥಿ ಬಿಟ್ಟ ದಿನದ ಖರ್ಚು, ಎಲ್ಲವನ್ನೂ ತಾರೀಖು ಹಾಕಿ ಬರೆಯಿರಿ. ಕೊಟ್ಟವರ ಹೆಸರನ್ನೂ ಬರೆಯಿರಿ. ಮುನ್ನೂರು ಜನರ ಊಟದ ಖರ್ಚನ್ನು ಬೇರೆ ಪುಟದಲ್ಲಿಡಿ, ಏಕೆಂದರೆ ಕಾನೂನು ಹೇಳುವುದು "ಸಮಂಜಸ" ಖರ್ಚು ಎಂದು. ಹದಿನೆಂಟು ಸಾವಿರಕ್ಕೆ ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತು ಬಿಟ್ಟದ್ದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಆ ಮನೆಯಲ್ಲಿ ಮೋಸ ಮಾಡಿದವರು ಯಾರೂ ಇರಲಿಲ್ಲ, ಬರೆದಿಟ್ಟವರೂ ಇರಲಿಲ್ಲ.

3. ಬಿಲ್ಲಿನಲ್ಲಿ ಜಿಎಸ್‌ಟಿ ಇದೆಯೇ ನೋಡಿ. ಅಂತ್ಯಕ್ರಿಯೆ, ದಫನು, ಚಿತಾಗಾರ, ಶವಾಗಾರ ಮತ್ತು ಶವ ಸಾಗಾಟದ ಸೇವೆಗಳು 2017ರ ಜಿಎಸ್‌ಟಿ ಕಾಯ್ದೆಯ ಮೂರನೇ ಅನುಸೂಚಿಯಲ್ಲಿವೆ; ಅವಕ್ಕೆ ತೆರಿಗೆಯೇ ಇಲ್ಲ. ಮಂಗಳೂರಿನಿಂದಲೋ ಮಣಿಪಾಲದಿಂದಲೋ ಶವ ತಂದ ಗಾಡಿಯ ಬಿಲ್ಲಿನಲ್ಲಿ ಜಿಎಸ್‌ಟಿ ಕಂಡರೆ ತೆಗೆಸಿ. ಧಾರ್ಮಿಕ ವಿಧಿ ನಡೆಸಿಕೊಡುವ ಸೇವೆಗೂ ವಿನಾಯಿತಿ ಇದೆ. ಊಟದ ಕೇಟರಿಂಗ್‌ಗೆ ಇಲ್ಲ.

4. ಆಸ್ಪತ್ರೆಯ ಬಿಲ್ಲು ಎಸೆಯಬೇಡಿ. ಚಿತೆಗೆ ಸಿಗದ ರಿಯಾಯಿತಿ ಚಿಕಿತ್ಸೆಗೆ ಸಿಗುತ್ತದೆ. ತಂದೆತಾಯಿಗೆ 60 ದಾಟಿದ್ದು, ಆರೋಗ್ಯ ವಿಮೆ ಇಲ್ಲದಿದ್ದರೆ, ಅವರ ಚಿಕಿತ್ಸೆಗೆ ನೀವು ಕೊಟ್ಟ ಹಣದಲ್ಲಿ ವರ್ಷಕ್ಕೆ 50,000 ರೂಪಾಯಿವರೆಗೆ 80ಡಿ ಕಲಂ ಅಡಿ ಆದಾಯದಿಂದ ಕಳೆಯಬಹುದು. ಹಳೆಯ ಪದ್ಧತಿಯಲ್ಲಿರಬೇಕು, ನಗದು ಕೊಟ್ಟಿರಬಾರದು.

5. ಬಂದ ಸಹಾಯದ ಪಟ್ಟಿಯನ್ನೂ ಇಡಿ. ಉತ್ತರಾಧಿಕಾರವಾಗಿ ಬಂದ ಹಣಕ್ಕೂ, ಕಾನೂನು ಹೇಳುವ ಹತ್ತಿರದ ಸಂಬಂಧಿಕರು ಕೊಟ್ಟದ್ದಕ್ಕೂ ತೆರಿಗೆಯಿಲ್ಲ. ಗೆಳೆಯರು, ನೆರೆಯವರು, ಜೊತೆ ಕೆಲಸದವರು ಕೊಟ್ಟದ್ದೆಲ್ಲ ಸೇರಿ ವರ್ಷಕ್ಕೆ 50,000 ದಾಟಿದರೆ ಇಡೀ ಮೊತ್ತ ಆದಾಯವಾಗುತ್ತದೆ. ದುಃಖದ ಮನೆಗೆ ಕಟುವಾದ ನಿಯಮವೇ. ಆದರೂ ಗೊತ್ತಿರಲಿ.

6. ಮೃತರ ರಿಟರ್ನ್ ಮರೆಯಬೇಡಿ. ಏಪ್ರಿಲ್ 1ರಿಂದ ಸಾವಿನ ದಿನದವರೆಗಿನ ಆದಾಯಕ್ಕೆ ರಿಟರ್ನ್ ಸಲ್ಲಿಸಬೇಕಿದ್ದರೆ ಅದು ವಾರಸುದಾರರ ಕೆಲಸ. ಪೋರ್ಟಲ್‌ನಲ್ಲಿ ಮೊದಲು ಪ್ರತಿನಿಧಿಯಾಗಿ ನೋಂದಾಯಿಸಿಕೊಳ್ಳಬೇಕು. ಸಾವಿನ ನಂತರ ಬಂದ ಬಾಡಿಗೆ, ಬಡ್ಡಿ ವಾರಸುದಾರರದು. ವಿಲ್ ಮತ್ತು ಅದರ ಜಾರಿದಾರರು ಇದ್ದರೆ ಹಂಚಿಕೆಯಾಗುವವರೆಗೆ ಆಸ್ತಿಯ ಹೆಸರಿನಲ್ಲೇ ಬೇರೆ ರಿಟರ್ನ್. ಅಪ್ಪನ ತೆರಿಗೆ ಬಾಕಿಗೆ ಹೆದರಬೇಕಿಲ್ಲ: 1961ರ ಆದಾಯ ತೆರಿಗೆ ಕಾಯ್ದೆಯ 159ನೇ ಕಲಂ ಪ್ರಕಾರ ನಿಮ್ಮ ಹೊಣೆ ಅವರು ಬಿಟ್ಟುಹೋದ ಆಸ್ತಿಯಷ್ಟೇ. ಆ ಆಸ್ತಿಯಿಂದ ಯಾವುದಕ್ಕೆ ಎಷ್ಟು ಹೋಯಿತೆಂದು ತೋರಿಸಲು ಎರಡನೇ ಸೂತ್ರದ ನೋಟ್‌ಬುಕ್ಕೇ ಬೇಕು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದು ಕಲಂ ಸಂಖ್ಯೆಗಳು ಬದಲಾಗಿವೆ, ನಿಯಮ ಅದೇ.

7. ಬಂಗಾರ ಮಾರುವ ಮುಂಚೆ ಎರಡು ದಿನ ತಡೆಯಿರಿ. ಕಾರ್ಯದ ಸಾಲ ತೀರಿಸಲೆಂದೇ ಅಮ್ಮನ ಸರ ಮಾರಿದರೂ ಲಾಭದಿಂದ ಆ ಖರ್ಚು ಕಳೆಯಲಾಗದು. ಅಮ್ಮ ಕೊಂಡ ಬೆಲೆ, ಅಮ್ಮ ಇಟ್ಟುಕೊಂಡಿದ್ದ ಕಾಲ ಎರಡೂ ನಿಮ್ಮ ಲೆಕ್ಕಕ್ಕೆ ಬರುತ್ತವೆ. ತೀರ ಹಳೆಯ ಬಂಗಾರಕ್ಕೆ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆ ಹಿಡಿಯಬಹುದು. 24 ತಿಂಗಳು ದಾಟಿದ್ದರೆ ಲಾಭದ ಮೇಲೆ ಶೇಕಡಾ 12.5 ತೆರಿಗೆ.

8. ಹಕ್ಕಿನ ಹಣ ಕೇಳಿ ಪಡೆಯಿರಿ. ಇಎಸ್‌ಐ ಇದ್ದ ನೌಕರರ ಅಂತ್ಯಕ್ರಿಯೆಗೆ 15,000 ರೂಪಾಯಿವರೆಗೆ ಸಿಗುತ್ತದೆ. ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರಿದ್ದವರಿಗೂ ಸಹಾಯಧನವಿದೆ. ಗಲ್ಫಿನಲ್ಲಿ ತೀರಿಕೊಂಡರೆ ಮೊದಲು ಕಂಪನಿಯನ್ನು ಕೇಳಿ. ಯುಎಇ ಕಾರ್ಮಿಕ ಕಾನೂನಿನಲ್ಲಿ ದೇಹವನ್ನು ಊರಿಗೆ ಕಳಿಸುವ ಖರ್ಚು ಕೆಲಸ ಕೊಟ್ಟವರದು. ದಿಕ್ಕಿಲ್ಲದವರಿಗೆ ಭಾರತೀಯ ದೂತಾವಾಸಗಳಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಮಗ ಟಿಕೆಟಿಗೆ ಸಾಲ ಎತ್ತುವ ಮೊದಲು ಅಲ್ಲಿಗೊಂದು ಫೋನು ಹೋಗಲಿ. ಬ್ರಿಟನ್ನಿನಲ್ಲಿ ನೆಲೆಸಿದ್ದವರಾದರೆ ಕಥೆ ಬೇರೆ: ಅಲ್ಲಿ ಉತ್ತರಾಧಿಕಾರ ತೆರಿಗೆ ಇರುವುದರಿಂದ ಸಮಂಜಸ ಅಂತ್ಯಕ್ರಿಯೆಯ ಖರ್ಚನ್ನು, ಸಮಾಧಿಕಲ್ಲಿನದೂ ಸೇರಿಸಿ, ಆಸ್ತಿ ಮೌಲ್ಯದಿಂದ ಕಳೆಯುತ್ತಾರೆ.

9. 21 ದಿನದೊಳಗೆ ಮರಣ ನೋಂದಣಿ ಮಾಡಿಸಿ. ಬ್ಯಾಂಕು, ವಿಮೆ, ಪೌತಿ ಖಾತೆ, ರಿಟರ್ನ್ ಎಲ್ಲವೂ ಆ ಒಂದು ಹಾಳೆಗೆ ಕಾಯುತ್ತವೆ. ಮೃತರ ಎಟಿಎಂ ಕಾರ್ಡು ಮುಟ್ಟಬೇಡಿ. ಅರ್ಜಿ ಬರೆಯುವಾಗ ಪ್ಯಾನ್ ಕಾರ್ಡನ್ನು ಎದುರಿಗೆ ಇಟ್ಟುಕೊಂಡು, ಅದರಲ್ಲಿರುವಂತೆಯೇ ಹೆಸರು ಬರೆಸಿ. ಊರಲ್ಲಿ ಎಲ್ಲರೂ ಕರೆಯುತ್ತಿದ್ದ ಹೆಸರು ಬರೆಸಿ ಬಂದವರು ತಿದ್ದುಪಡಿಗೆಂದು ತಿಂಗಳುಗಟ್ಟಲೆ ಅಲೆಯುತ್ತಾರೆ.