ಮುಂದೊಗಲಿನ ಬಿಗಿತ: ತಿಳುವಳಿಕೆ ಮತ್ತು ಚಿಕಿತ್ಸೆ

ಒಂದೇ ಖೋಲಿಯಲ್ಲಿ ಐದಾರು ಮಂದಿ ಬಾಳುವ ಜೋಗೇಶ್ವರಿಯ ಚಾಳುಗಳಲ್ಲಿ ಮುಚ್ಚಿಡಬಹುದಾದ ಸಂಗತಿಗಳು ಬಹಳ ಕಡಿಮೆ. ನೆರೆಮನೆಯವರ ಜ್ವರ, ಕೆಮ್ಮು, ಸಕ್ಕರೆ ಕಾಯಿಲೆ ಎಲ್ಲವೂ ಎಲ್ಲರಿಗೂ ತಿಳಿದಿರುತ್ತವೆ. ಆದರೆ ಗಂಡಸರ ಒಂದು ತೊಂದರೆ ಮಾತ್ರ ಸ್ವಂತ ಮನೆಯವರಿಗೂ ತಿಳಿಯದಂತೆ ವರ್ಷಗಟ್ಟಲೆ ಉಳಿದುಬಿಡುತ್ತದೆ. ಅದೇ ಜನನೇಂದ್ರಿಯದ ಮುಂದೊಗಲಿನ ಬಿಗಿತ. ವೈದ್ಯರು ಇದನ್ನು ಫೈಮೋಸಿಸ್ ಎಂದು ಕರೆಯುತ್ತಾರೆ. ಇದರ ವಿಷಯದಲ್ಲಿ ಎರಡು ಬಗೆಯ ತಪ್ಪುಗಳು ನಡೆಯುತ್ತವೆ. ಚಿಕಿತ್ಸೆಯೇ ಬೇಡವಾದ ಎಳೆಯ ಮಕ್ಕಳ ಬಗ್ಗೆ ತಾಯ್ತಂದೆಯರು ಗಾಬರಿಗೊಳ್ಳುತ್ತಾರೆ; ಚಿಕಿತ್ಸೆ ಬೇಕಾದ ಪ್ರಾಯದವರು ನಾಚಿಕೆಯಿಂದ ಸುಮ್ಮನಿರುತ್ತಾರೆ. ಈ ಗಾಬರಿಯೂ ಈ ಮೌನವೂ ಸಮಾನವಾಗಿ ಹಾನಿಕರವಾದವು.

ಸಹಜವಾದುದು ಯಾವುದು?

ಶಿಶ್ನದ ತುದಿಯ ಮಣಿಯನ್ನು ಎರಡು ಪದರದ ಮೆತ್ತನೆಯ ಚರ್ಮವು ಮುಚ್ಚಿರುತ್ತದೆ. ಇದೇ ಮುಂದೊಗಲು. ಹುಟ್ಟಿದ ಮಗುವಿನಲ್ಲಿ ಇದರ ಒಳಪದರವು ಮಣಿಗೆ ಅಂಟಿಕೊಂಡಿರುವುದು ಪ್ರಕೃತಿಯ ನಿಯಮ. 1949ರಲ್ಲಿ ಇಂಗ್ಲೆಂಡಿನ ಮಕ್ಕಳ ವೈದ್ಯ ಡಗ್ಲಾಸ್ ಗಾರ್ಡ್ನರ್ ಅವರು ಪ್ರಕಟಿಸಿದ ಪ್ರಬಂಧದಂತೆ, ನವಜಾತ ಗಂಡು ಶಿಶುಗಳಲ್ಲಿ ನೂರಕ್ಕೆ ಸುಮಾರು 4ರಲ್ಲಿ ಮಾತ್ರ ಮುಂದೊಗಲು ಪೂರ್ತಿಯಾಗಿ ಹಿಂದೆ ಸರಿಯುತ್ತದೆ. 1968ರಲ್ಲಿ ಡೆನ್ಮಾರ್ಕಿನ ಯಾಕೋಬ್ ಓಸ್ಟರ್ ಅವರು ಶಾಲಾ ಬಾಲಕರನ್ನು ವರ್ಷವರ್ಷವೂ ಪರೀಕ್ಷಿಸಿದ ಫಲವನ್ನು ಪ್ರಕಟಿಸಿದರು. 6-7ರ ವಯಸ್ಸಿನಲ್ಲಿ ನೂರಕ್ಕೆ 8 ಮಂದಿಯಲ್ಲಿದ್ದ ಬಿಗಿತವು 16-17ರ ವಯಸ್ಸಿಗೆ ನೂರಕ್ಕೆ 1 ಮಂದಿಯಲ್ಲಿ ಮಾತ್ರ ಉಳಿದಿತ್ತು. ಕಾಲವೇ ಇದರ ಮೊದಲ ವೈದ್ಯ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆದುದರಿಂದ ಸ್ನಾನ ಮಾಡಿಸುವಾಗ ಎಳೆಯ ಮಗುವಿನ ಮುಂದೊಗಲನ್ನು ಬಲವಂತವಾಗಿ ಹಿಂದಕ್ಕೆ ಎಳೆಯಲೇಬಾರದು. ಎಳೆದಾಗ ಸೂಕ್ಷ್ಮವಾದ ಬಿರುಕುಗಳುಂಟಾಗಿ, ಅವು ಮಾಯುವಾಗ ಗಡುಸಾದ ಕಲೆ ಕಟ್ಟುತ್ತದೆ. ಇಲ್ಲದ ರೋಗವನ್ನು ಕೈಯಾರೆ ತಂದುಕೊಂಡಂತಾಗುತ್ತದೆ. ಹೊರಭಾಗವನ್ನು ನೀರಿನಿಂದ ತೊಳೆದರೆ ಸಾಕು. ಚರ್ಮದಡಿ ಕಾಣುವ ಅಕ್ಕಿಕಾಳಿನಂತಹ ಬಿಳಿಯ ಗಂಟುಗಳು ಉದುರಿದ ಚರ್ಮಕಣಗಳ ಸಂಗ್ರಹವೇ ಹೊರತು ಕೀವಲ್ಲ. ಮೂತ್ರ ಮಾಡುವಾಗ ಚರ್ಮವು ತುಸು ಉಬ್ಬಿ ಕೂಡಲೇ ಇಳಿಯುವುದೂ ಅನೇಕ ಮಕ್ಕಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ಆದರೆ ಮಗು ಅಳುತ್ತ ಮುಕ್ಕುತ್ತ ಮೂತ್ರ ಮಾಡಿದರೆ, ಧಾರೆ ದಾರದಂತೆ ಸಣ್ಣದಾದರೆ, ತುದಿ ಕೆಂಪಾಗಿ ಬಾತುಕೊಂಡರೆ ಅಥವಾ ಮತ್ತೆಮತ್ತೆ ಮೂತ್ರದ ಸೋಂಕು ಬಂದರೆ ವೈದ್ಯರಿಗೆ ತೋರಿಸಲು ತಡಮಾಡಬಾರದು.

ಸುಶ್ರುತನ ಕಾಲದ ಅರಿವು

ಈ ತೊಂದರೆ ಇಂದಿನದಲ್ಲ. ಸುಶ್ರುತ ಸಂಹಿತೆಯಲ್ಲಿ ಕ್ಷುದ್ರರೋಗಗಳ ಸಾಲಿನಲ್ಲಿ ಇದನ್ನು ‘ನಿರುದ್ಧಪ್ರಕಶ’ವೆಂದು ಹೆಸರಿಸಲಾಗಿದೆ. ತುಪ್ಪ ಸವರಿದ ಲೋಹದ ಅಥವಾ ಮರದ ನಳಿಗೆಯನ್ನು ಸೇರಿಸಿ, ಮೂರು ಮೂರು ದಿನಗಳಿಗೊಮ್ಮೆ ತುಸು ದಪ್ಪನೆಯ ನಳಿಗೆಗೆ ಬದಲಾಯಿಸುತ್ತ ದ್ವಾರವನ್ನು ಮೆಲ್ಲಮೆಲ್ಲನೆ ಹಿಗ್ಗಿಸಬೇಕೆಂದೂ, ಇಲ್ಲವೇ ಕೆಳಗಿನ ಹೊಲಿಗೆಯಂತಹ ರೇಖೆಯನ್ನು ಬಿಟ್ಟು ಶಸ್ತ್ರದಿಂದ ಬಿಡಿಸಬೇಕೆಂದೂ ಅಲ್ಲಿ ಹೇಳಿದೆ. ಆ ನಳಿಗೆಗಳನ್ನು ಇಂದು ಮನೆಯಲ್ಲಿ ಪ್ರಯೋಗಿಸತಕ್ಕದ್ದಲ್ಲ. ಆದರೆ ಮೊದಲು ತಾಳ್ಮೆಯಿಂದ ಹಿಗ್ಗಿಸುವುದು, ಕೊನೆಗೆ ಮಾತ್ರ ಶಸ್ತ್ರ ಎಂಬ ಕ್ರಮ ಇಂದಿನ ವೈದ್ಯಶಾಸ್ತ್ರಕ್ಕೂ ಒಪ್ಪಿಗೆಯಾದುದೇ ಆಗಿದೆ.

ಪ್ರಾಯದವರಲ್ಲಿ

ಹದಿಹರೆಯ ಕಳೆದ ಮೇಲೂ ಉಳಿದ ಬಿಗಿತವನ್ನು, ವಿಶೇಷವಾಗಿ ಮೊದಲಿಲ್ಲದೆ ಹೊಸದಾಗಿ ಬಂದ ಬಿಗಿತವನ್ನು, ಅಲಕ್ಷಿಸಬಾರದು. ಉದ್ರೇಕದಲ್ಲಿ ನೋವು, ದಾಂಪತ್ಯದಲ್ಲಿ ಅಡಚಣೆ, ದುರ್ವಾಸನೆ, ತುರಿಕೆ, ಚರ್ಮದ ಸೀಳಿಕೆ ಇವು ಇದರ ಲಕ್ಷಣಗಳು. ಇದನ್ನು ಹೇಳಿಕೊಳ್ಳಲಾರದೆ ಮದುವೆಯನ್ನೇ ಮುಂದೂಡುವವರಿದ್ದಾರೆ. ಮದುವೆಯಾದ ಮೇಲೆ ಪತ್ನಿಯಿಂದ ದೂರವಿದ್ದು ಆಕೆಯ ಮನಸ್ಸನ್ನು ನೋಯಿಸುವವರೂ ಇದ್ದಾರೆ.

ನಲ್ವತ್ತು ದಾಟಿದವರಲ್ಲಿ ತುದಿಯ ಚರ್ಮವು ಬಿಗಿದು, ಕೆಂಪಾಗಿ, ಸುತ್ತಲೂ ಸೀಳಿದರೆ ಮೊದಲು ರಕ್ತದ ಸಕ್ಕರೆಯನ್ನು ಪರೀಕ್ಷಿಸಬೇಕು. ಎಷ್ಟೋ ಸಲ ಮಧುಮೇಹದ ಮೊದಲ ಸುಳಿವು ಇಲ್ಲಿಯೇ ದೊರೆಯುತ್ತದೆ. ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಡಾಪಾಗ್ಲಿಫ್ಲೋಜಿನ್ ಮುಂತಾದ ಗುಳಿಗೆಗಳನ್ನು ಸೇವಿಸುವವರಲ್ಲಿಯೂ ಇಂತಹ ಶಿಲೀಂಧ್ರ ಸೋಂಕು ಕಾಣುವುದುಂಟು. ಗುಳಿಗೆಯನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ಚರ್ಮವು ಬಿಳಚಿಕೊಂಡು ಕಾಗದದಂತೆ ಗಡುಸಾದರೆ ಅದು ಲೈಕನ್ ಸ್ಕ್ಲೆರೋಸಸ್ ಎಂಬ ಚರ್ಮರೋಗವಾಗಿರಬಹುದು. ದೀರ್ಘಕಾಲ ಬಿಗಿದ ಮುಂದೊಗಲಿನಡಿ ಮಲಿನವೂ ಉರಿಯೂತವೂ ಉಳಿಯುವುದರಿಂದ ಶಿಶ್ನದ ಕ್ಯಾನ್ಸರಿನ ಸಂಭವವೂ ಹೆಚ್ಚುತ್ತದೆ. ಇದು ವಿರಳವಾದ ರೋಗ; ಆದರೆ ಚರ್ಮದ ಮರೆಯಲ್ಲಿ ಬೆಳೆಯುವುದರಿಂದ ತಡವಾಗಿ ತಿಳಿಯುತ್ತದೆ. ಮಾಯದ ಹುಣ್ಣು, ಗಂಟು ಅಥವಾ ರಕ್ತಸ್ರಾವ ಕಂಡವರು ಒಂದು ದಿನವನ್ನೂ ಕಳೆಯಬಾರದು.

ತುರ್ತು ಸ್ಥಿತಿ

ಬಿಗಿಯಾದ ಮುಂದೊಗಲು ಹಿಂದಕ್ಕೆ ಸರಿದು ಅಲ್ಲಿಯೇ ಸಿಕ್ಕಿಕೊಂಡರೆ ಮಣಿಯ ಬುಡಕ್ಕೆ ಉಂಗುರ ಬಿಗಿದಂತಾಗಿ ರಕ್ತಸಂಚಾರ ಕುಂಠಿತವಾಗುತ್ತದೆ. ಇದು ಪ್ಯಾರಾಫೈಮೋಸಿಸ್, ಸುಶ್ರುತನು ಇದನ್ನು ‘ಪರಿವರ್ತಿಕಾ’ ಎಂದಿದ್ದಾನೆ. ಊತವು ಗಂಟೆಗಂಟೆಗೂ ಏರುವುದರಿಂದ ಬೆಳಗಾಗಲೆಂದು ಕಾಯದೆ ರಾತ್ರಿಯಾದರೂ ಆಸ್ಪತ್ರೆಗೆ ಧಾವಿಸಬೇಕು. ಮೂತ್ರದ ನಳಿಗೆ ಹಾಕಿಸಿಕೊಂಡ ವೃದ್ಧರಲ್ಲಿ ಚರ್ಮವನ್ನು ಮರಳಿ ಮುಂದಕ್ಕೆ ತರಲಾಗಿದೆಯೇ ಎಂಬುದನ್ನು ಆರೈಕೆಯವರು ಗಮನಿಸಬೇಕು.

ಚಿಕಿತ್ಸೆಯ ಮೆಟ್ಟಿಲುಗಳು

ಕಲೆ ಕಟ್ಟದ ಬಿಗಿತಕ್ಕೆ ಮೊದಲ ಚಿಕಿತ್ಸೆ ಮುಲಾಮು. ಬೀಟಾಮೆಥಸೋನ್‌ನಂತಹ ಸ್ಟಿರಾಯ್ಡ್ ಮುಲಾಮನ್ನು ಬಿಗಿಯಾದ ಅಂಚಿಗೆ ತೆಳ್ಳಗೆ, ಸಾಮಾನ್ಯವಾಗಿ ದಿನಕ್ಕೆರಡು ಬಾರಿ, 4ರಿಂದ 8 ವಾರ ಹಚ್ಚಿ, ನೋವಾಗದಷ್ಟು ಮಾತ್ರ ಚರ್ಮವನ್ನು ಮೆಲ್ಲನೆ ಸರಿಸುತ್ತ ಬಂದರೆ ಬಹುಮಂದಿಗೆ ಶಸ್ತ್ರಕ್ರಿಯೆಯೇ ಬೇಕಾಗುವುದಿಲ್ಲ. ಸರಿಸಿದ ಚರ್ಮವನ್ನು ಪ್ರತಿಸಲವೂ ಮುಂದಕ್ಕೆ ತರುವುದನ್ನು ಮರೆಯಬಾರದು. ಮುಲಾಮು ವೈದ್ಯರ ಚೀಟಿಯಿಂದಲೇ ಬರಬೇಕು. ಮೆಡಿಕಲ್ ಅಂಗಡಿಯಲ್ಲಿ ಗಜಕರ್ಣಕ್ಕೆಂದು ಕೊಡುವ ಬೆರಕೆ ಕ್ರೀಮುಗಳೂ, ಲೋಕಲ್ ರೈಲಿನ ಡಬ್ಬಿಗಳಲ್ಲಿ ಅಂಟಿಸಿರುವ ಗುಪ್ತರೋಗದ ಜಾಹೀರಾತುಗಳೂ ಇದಕ್ಕೆ ಮದ್ದಲ್ಲ.

ಮುಲಾಮು ಫಲಿಸದಿದ್ದರೆ, ಕಲೆ ಕಟ್ಟಿದ್ದರೆ ಅಥವಾ ಸೋಂಕು ಮರುಕಳಿಸುತ್ತಿದ್ದರೆ ಶಸ್ತ್ರಕ್ರಿಯೆ ಉಚಿತ. ಕೆಲವರಿಗೆ ಚರ್ಮವನ್ನು ಉಳಿಸಿಕೊಂಡೇ ದ್ವಾರವನ್ನು ಅಗಲಿಸಬಹುದು. ಉಳಿದವರಿಗೆ ಮುಂದೊಗಲನ್ನು ತೆಗೆಯುತ್ತಾರೆ. ಪ್ರಾಯದವರಿಗೆ ಸ್ಥಳೀಯ ಅರಿವಳಿಕೆಯೇ ಸಾಮಾನ್ಯವಾಗಿ ಸಾಕು. ಅನೇಕರು ಅಂದೇ ಮನೆಗೆ ಮರಳುತ್ತಾರೆ. ಗಾಯ ಮಾಯಲು ಎರಡು ಮೂರು ವಾರಗಳೂ, ದಾಂಪತ್ಯಕ್ಕೆ ಸುಮಾರು ಆರು ವಾರಗಳ ವಿರಾಮವೂ ಬೇಕು. ರಕ್ತ ಬೇಗ ಹೆಪ್ಪುಗಟ್ಟದ ದೋಷವಿರುವವರು ಮೊದಲೇ ತಿಳಿಸಬೇಕು. ಮೂತ್ರದ್ವಾರವು ಕೆಳಬದಿಯಲ್ಲಿರುವ ಮಗುವಿಗೆ ಮುಂದೊಗಲನ್ನು ತೆಗೆಸಬಾರದು. ಮುಂದಿನ ದುರಸ್ತಿಗೆ ಆ ಚರ್ಮವೇ ಬೇಕಾಗುತ್ತದೆ.

ಈ ಶಸ್ತ್ರಕ್ರಿಯೆಯ ಹೆಸರು ಕೇಳಿದೊಡನೆ ಅದು ಅನ್ಯಧರ್ಮದ ಆಚಾರವೆಂದು ಹಿಂಜರಿಯುವ ಕುಟುಂಬಗಳಿವೆ. ಮುಸಲ್ಮಾನರಿಗೂ ಯಹೂದಿಗಳಿಗೂ ಸುನ್ನತಿಯು ಧಾರ್ಮಿಕ ಸಂಸ್ಕಾರ. ರೋಗಕ್ಕಾಗಿ ಮಾಡುವುದಾದರೋ ಕೇವಲ ಚಿಕಿತ್ಸೆ. ಶಸ್ತ್ರವೈದ್ಯನ ಕತ್ತರಿಗೆ ಜಾತಿಯಿಲ್ಲ, ಮತವಿಲ್ಲ.

ತೋರಿಸುವುದೆಲ್ಲಿ?

ಜೋಗೇಶ್ವರಿಯವರಿಗೆ ದೂರ ಹೋಗಬೇಕಾಗಿಲ್ಲ. ಪೂರ್ವದಲ್ಲಿ ಪಶ್ಚಿಮ ಎಕ್ಸ್‌ಪ್ರೆಸ್ ಹೆದ್ದಾರಿಯ ಬಳಿ ಬಾಳಾಸಾಹೇಬ ಠಾಕರೆ ಟ್ರಾಮಾ ಆಸ್ಪತ್ರೆಯಿದೆ. ಜುಹೂ ಕಡೆಗೆ ಕೂಪರ್ ಆಸ್ಪತ್ರೆಯಿದೆ. ಇವೆರಡೂ ಮಹಾನಗರಪಾಲಿಕೆಯವು. ಮಕ್ಕಳಿಗಾಗಿ ಪರೇಲಿನಲ್ಲಿ ವಾಡಿಯಾ ಆಸ್ಪತ್ರೆಯೂ, ಕ್ಯಾನ್ಸರಿನ ಸಂಶಯವಿದ್ದರೆ ಅಲ್ಲಿಯೇ 1941ರಿಂದ ಸೇವೆ ಸಲ್ಲಿಸುತ್ತಿರುವ ಟಾಟಾ ಸ್ಮಾರಕ ಆಸ್ಪತ್ರೆಯೂ ಇವೆ. ಕೇಸ್ ಪೇಪರ್ ಮಾಡಿಸುವಲ್ಲಿ ಎಲ್ಲರೆದುರು ರೋಗವನ್ನು ವಿವರಿಸಬೇಕಾಗಿಲ್ಲ. ಸರ್ಜರಿ ವಿಭಾಗಕ್ಕೆ ಎಂದರೆ ಸಾಕು. ಮಿಕ್ಕುದು ವೈದ್ಯರೊಡನೆ.

ಸಕಾಲದಲ್ಲಿ ತೀರಿಸದ ಸಣ್ಣ ಸಾಲವು ಬಡ್ಡಿ ಸೇರಿ ಮನೆಯನ್ನೇ ನುಂಗುವಂತೆ, ನಾಚಿ ಮುಚ್ಚಿಟ್ಟ ಸಣ್ಣ ತೊಂದರೆಯೂ ಬೆಳೆಯುತ್ತದೆ. ಬೆಳೆದ ಮಗನಿಗೆ ಸ್ನಾನದ ಶುಚಿತ್ವವನ್ನು ಸಂಕೋಚವಿಲ್ಲದೆ ಹೇಳಿಕೊಡುವುದು ತಂದೆಯ ಕರ್ತವ್ಯ. ಎಳೆಯ ಮಗುವಿನ ವಿಷಯದಲ್ಲಿ ತಾಳ್ಮೆಯಿರಲಿ, ಪ್ರಾಯದವರ ವಿಷಯದಲ್ಲಿ ತಡವಾಗದಿರಲಿ.